ಚಿಕ್ಕ ವಯಸ್ಸಿಗೇ ಬಿಪಿ, ಕಣ್ಣಲ್ಲಿ ರಕ್ತನಾಳದ ಗಂಟು: ವಿಎಚ್‌ಎಲ್ ಮನೆಯವರು ಹಿಡಿಯಬೇಕಾದ ದಾರಿ

ಇಪ್ಪತ್ತೈದರ ಹುಡುಗನಿಗೆ ಬಿಪಿ ಬಂದಿದೆ ಎಂದರೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು "ಟೆನ್ಷನ್ ಜಾಸ್ತಿ ಮಾಡ್ಕೋತಾನೆ". ಆಮೇಲೆ "ಉಪ್ಪಿನಕಾಯಿ ಬಿಡಿಸಿ". ಬಹಳ ಮಂದಿಯ ಮಟ್ಟಿಗೆ ಇದರಲ್ಲಿ ತಪ್ಪೇನಿಲ್ಲ. ಆದರೆ ಕೆಲವರ ಬಿಪಿ ಬಂದು ಹೋಗುವ ಜಾತಿಯದು. ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ, ಎದೆ ಡವಗುಟ್ಟುತ್ತದೆ, ಮೈಯೆಲ್ಲ ಬೆವರಿಳಿಯುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ಇಳಿದು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇಸಿಜಿಯೂ ಸರಿ, ಬಿಪಿಯೂ ಸರಿ. "ಗಾಬರಿ ಅಷ್ಟೆ" ಎಂದು ನಿದ್ದೆ ಮಾತ್ರೆ ಕೊಟ್ಟು ಕಳಿಸಿಬಿಡುತ್ತಾರೆ.

ಇಂಥವರಲ್ಲಿ ಕೆಲವರಿಗೆ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೋಸೈಟೋಮಾ ಎಂಬ ಗಡ್ಡೆ ಇರುತ್ತದೆ. ವೈದ್ಯರ ಬಾಯಲ್ಲಿ ಅದು ಬರೀ "ಫಿಯೋ". ಅವರಲ್ಲೂ ಕೆಲವರಿಗೆ ಕಣ್ಣಿನ ಅಕ್ಷಿಪಟಲದಲ್ಲಿ, ಹಿಮ್ಮೆದುಳಿನಲ್ಲಿ, ಬೆನ್ನುಹುರಿಯಲ್ಲಿ ರಕ್ತನಾಳಗಳೇ ಗಂಟುಗಟ್ಟಿದಂತಹ ಗಡ್ಡೆಗಳು, ಅಂದರೆ ಹಿಮಾಂಜಿಯೋಬ್ಲಾಸ್ಟೋಮಾಗಳು ಇರುತ್ತವೆ. ಹೀಗೆ ಎರಡೂ ಒಂದೇ ಮೈಯಲ್ಲಿ, ಇಲ್ಲವೇ ಒಂದೇ ಮನೆತನದಲ್ಲಿ ಸಿಕ್ಕರೆ ಅನುಮಾನ ಹೋಗಬೇಕಾದದ್ದು ವಾನ್ ಹಿಪ್ಪೆಲ್–ಲಿಂಡೌ ಕಾಯಿಲೆಯ ಕಡೆಗೆ. ಸುಲಭಕ್ಕೆ ವಿಎಚ್‌ಎಲ್ ಎನ್ನೋಣ.

ಸುಮಾರು 36,000 ಜನನಕ್ಕೆ ಒಬ್ಬರಲ್ಲಿ ಕಾಣುವ ಅಪರೂಪದ ಕಾಯಿಲೆ ಇದು. ಬಿಪಿ ಇರುವ ಸಾವಿರ ಮಂದಿಯನ್ನು ನೋಡಿದರೆ ಫಿಯೋ ಸಿಗುವುದು ಹೆಚ್ಚೆಂದರೆ ಐದಾರು ಜನರಲ್ಲಿ. ಹಾಗಾಗಿ ಬಿಪಿ ಮಾತ್ರೆ ನುಂಗುವವರೆಲ್ಲ ಇದನ್ನು ಓದಿ ನಾಳೆಯೇ ಸ್ಕ್ಯಾನಿಂಗಿಗೆ ಓಡಬೇಕಿಲ್ಲ. ಇರುವವರಿಗೆ ಮಾತ್ರ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಕಾಯಿಲೆಗೆ ಪರೀಕ್ಷೆಯೂ ಇದೆ, ಔಷಧಿಯೂ ಇದೆ, ಆಪರೇಷನ್ನೂ ಇದೆ. ಎಡವುವುದು ಹೆಚ್ಚಾಗಿ ಕ್ರಮದಲ್ಲಿ. ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿದರೆ ಒಳ್ಳೆಯ ಔಷಧಿಯೇ ಜೀವಕ್ಕೆ ಕುತ್ತಾಗುತ್ತದೆ. ಅದಕ್ಕೇ ಈ ಬರಹವನ್ನು ಹೆಜ್ಜೆಯ ಪ್ರಕಾರ ಬರೆದಿದ್ದೇನೆ.

ಕಣ್ಣಿಗೂ ಅಡ್ರಿನಲ್‌ಗೂ ಎಲ್ಲಿಯ ನಂಟು?

ಕಣ್ಣಿನ ರಕ್ತನಾಳದ ಗಂಟನ್ನು ಜರ್ಮನಿಯ ನೇತ್ರವೈದ್ಯ ಯೂಜೆನ್ ವಾನ್ ಹಿಪ್ಪೆಲ್ 1904ರಲ್ಲಿ ವಿವರಿಸಿದರು. ಅದಕ್ಕೂ ಹಿಮ್ಮೆದುಳಿನ ಗಡ್ಡೆಗೂ ಸಂಬಂಧವಿದೆ ಎಂದು 1926ರಲ್ಲಿ ತೋರಿಸಿದವರು ಸ್ವೀಡನ್ನಿನ ಆರ್ವಿಡ್ ಲಿಂಡೌ. ಕಾರಣವಾದ ಜೀನ್ 3ನೇ ಕ್ರೋಮೋಸೋಮಿನಲ್ಲಿ ಸಿಕ್ಕಿದ್ದು 1993ರಲ್ಲಿ.

ಜೀವಕೋಶಕ್ಕೆ ಆಮ್ಲಜನಕ ಕಡಿಮೆಯಾದಾಗ ಹಿಫ್ ಎಂಬ ಪ್ರೋಟೀನ್ ಶೇಖರವಾಗುತ್ತದೆ. ಹೊಸ ರಕ್ತನಾಳ ಬೆಳೆಸಲು, ಕೆಂಪು ರಕ್ತಕಣ ಹೆಚ್ಚಿಸಲು ಅಪ್ಪಣೆ ಕೊಡುವುದು ಅದೇ. ಆಮ್ಲಜನಕ ಸಾಕಷ್ಟಿದ್ದಾಗ ವಿಎಚ್‌ಎಲ್ ಪ್ರೋಟೀನ್ ಆ ಹಿಫ್‌ಗೆ ಗುರುತು ಹಾಕಿ ನಾಶಕ್ಕೆ ಕಳಿಸುತ್ತದೆ. ವಿಎಚ್‌ಎಲ್ ಜೀನೇ ಕೆಟ್ಟರೆ, ಮೇಲಿನ ಟ್ಯಾಂಕ್ ತುಂಬಿ ಹರಿದರೂ ಮೋಟರ್ ಆಫ್ ಆಗದ ಸ್ಥಿತಿ. ಆಮ್ಲಜನಕಕ್ಕೆ ಕೊರತೆಯಿಲ್ಲ, ಆದರೂ ರಕ್ತನಾಳ ಬೆಳೆಯುತ್ತಲೇ ಇರುತ್ತದೆ. ಕಣ್ಣು, ಮೆದುಳು, ಬೆನ್ನುಹುರಿಯಲ್ಲಿ ಗಂಟು, ಮೂತ್ರಪಿಂಡದಲ್ಲಿ ನೀರುಗುಳ್ಳೆ, ಮುಂದೆ ಕ್ಯಾನ್ಸರ್, ಮೇದೋಜೀರಕದಲ್ಲೂ ಗುಳ್ಳೆ, ಕೆಲವು ಮನೆತನಗಳಲ್ಲಿ ಅಡ್ರಿನಲ್‌ನಲ್ಲಿ ಫಿಯೋ. ಜೀವಕೋಶ ಆಮ್ಲಜನಕವನ್ನು ಗುರುತಿಸುವ ಈ ಬಗೆಯನ್ನು ಬಿಡಿಸಿಟ್ಟ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಬಂತು. ಕೇಲಿನ್ ಅವರ ಸಂಶೋಧನೆ ಶುರುವಾದದ್ದೇ ಈ ವಿಎಚ್‌ಎಲ್ ಕಾಯಿಲೆಯಿಂದ.

ವಿಎಚ್‌ಎಲ್ ಇರುವ ಎಲ್ಲರಿಗೂ ಫಿಯೋ ಬರುವುದಿಲ್ಲ. ಸುಮಾರು ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಬರುತ್ತದೆ. ಬಂದರೆ ಎರಡೂ ಪಕ್ಕದ ಗ್ರಂಥಿಯಲ್ಲಿ ಬರುವುದು ಸಾಮಾನ್ಯ, ಮಕ್ಕಳನ್ನೂ ಬಿಡುವುದಿಲ್ಲ. ಇವರ ಗಡ್ಡೆ ಮುಖ್ಯವಾಗಿ, ರಕ್ತನಾಳ ಬಿಗಿಸಿ ಬಿಪಿ ಏರಿಸುವ ಹಾರ್ಮೋನ್ ಆದ ನಾರ್‌ಅಡ್ರಿನಲಿನ್ ಸುರಿಸುತ್ತದೆ. ಮೇಲೆ ಹೇಳಿದ ತಲೆನೋವು, ಬೆವರು, ಎದೆಬಡಿತ ಮೂರೂ ಕಾಣದೆ ಬರೀ ಬಿಪಿ ಮಾತ್ರ ಏರಿರಬಹುದು; ಅದೂ ಇಲ್ಲದೆ ಗಡ್ಡೆ ಸದ್ದಿಲ್ಲದೆ ಕೂತಿರುವುದೂ ಉಂಟು. "ನನಗೇನೂ ಆಗ್ತಿಲ್ವಲ್ಲ" ಎನ್ನುವುದನ್ನು ಈ ಮನೆತನದಲ್ಲಿ ಪುರಾವೆಯಾಗಿ ಹಿಡಿಯುವಂತಿಲ್ಲ.

ಹೆಜ್ಜೆ 1: ಬಿಪಿ ಬಂದಾಗ ಹಿಡಿಯಿರಿ

ತೋಳಿಗೆ ಕಟ್ಟುವ ಬಿಪಿ ಮಷಿನ್ ಕೊಳ್ಳಿ. ಮಣಿಕಟ್ಟಿನದು ಬೇಡ. ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕೂತು ನೋಡಿ. ಇದು ದಿನದ ಲೆಕ್ಕ. ಅಟ್ಯಾಕ್ (ಹೃದಯಾಘಾತವಲ್ಲ, ಮೇಲೆ ಹೇಳಿದಂತೆ ಬಿಪಿ ಇದ್ದಕ್ಕಿದ್ದಂತೆ ಏರುವ ಹೊತ್ತು) ಬಂದಾಗ ಈ ಶಿಸ್ತೆಲ್ಲ ಬದಿಗಿಡಿ, ಕೂಡಲೇ ಒಂದು ಸಲ ನೋಡಿ, ಇಳಿದ ಮೇಲೆ ಇನ್ನೊಮ್ಮೆ ನೋಡಿ. ಅದನ್ನು ಒಂದು ಪುಸ್ತಕದಲ್ಲಿ ಹೀಗೆ ಬರೆಯಿರಿ:

"ಮಂಗಳವಾರ ಬೆಳಗ್ಗೆ 6.40. ಬಗ್ಗಿ ಒಲೆಗೆ ಸೌದೆ ಒಟ್ಟುವಾಗ ಶುರು. 196/118, ನಾಡಿ 122. ತಲೆನೋವು, ಬೆವರು, ಮುಖ ಬಿಳುಪು, ಕೈ ತಣ್ಣಗೆ. 7.05ಕ್ಕೆ 134/84."

ಇಷ್ಟು ಬರೆದ ನಾಲ್ಕು ಸಾಲು ವೈದ್ಯರ ಮುಂದೆ ಹತ್ತು ನಿಮಿಷದ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅಟ್ಯಾಕ್ ಯಾವುದರಿಂದ ಶುರುವಾಯಿತು ಎಂಬುದನ್ನು ಬಿಡಬೇಡಿ: ಬಗ್ಗಿದ್ದು, ಭಾರ ಎತ್ತಿದ್ದು, ಮಲವಿಸರ್ಜನೆಗೆ ಮುಕ್ಕಿದ್ದು, ಹೊಟ್ಟೆ ಒತ್ತಿದ್ದು, ಯಾವುದೋ ಇಂಜೆಕ್ಷನ್ ಹಾಕಿಸಿಕೊಂಡದ್ದು. ಮನೆಯವರು ಆಗಲೇ ಮುಖದ ಒಂದು ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಗಾಬರಿಗೋ ಮುಟ್ಟು ನಿಲ್ಲುವ ಕಾಲದ ಬಿಸಿಯುಕ್ಕಿಗೋ ಮುಖ ಸಾಮಾನ್ಯವಾಗಿ ಕೆಂಪೇರುತ್ತದೆ, ಫಿಯೋದಲ್ಲಿ ಬಿಳಿಚುತ್ತದೆ. ಮಲಗಿ ಐದು ನಿಮಿಷ ಬಿಟ್ಟು ಒಂದು ಸಲ, ಎದ್ದು ನಿಂತು ಮೂರು ನಿಮಿಷಕ್ಕೆ ಇನ್ನೊಂದು ಸಲ ಬಿಪಿ ನೋಡಿ. ಮಲಗಿದಾಗ ಏರಿದ್ದ ಬಿಪಿ, ಮಾತ್ರೆಯ ಹಂಗಿಲ್ಲದೆಯೂ ನಿಂತಾಗ ಜಾರಿದರೆ ಅದೂ ಒಂದು ಸುಳಿವು.

ಬಿಪಿ 180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವುದು, ಕಣ್ಣು ಮಂಜಾಗುವುದು, ಕೈಕಾಲು ಸೋಲುವುದು ಇದ್ದರೆ ಪುಸ್ತಕ ಮುಚ್ಚಿಟ್ಟು 108ಕ್ಕೆ ಫೋನ್ ಮಾಡಿ.

ಹೆಜ್ಜೆ 2: ರಕ್ತನಾಳವೇ ಕಿರಿದಾಗಿದೆಯೇ?

ಚಿಕ್ಕ ವಯಸ್ಸಿನ ಬಿಪಿಗೆ ಅಡ್ರಿನಲ್ ಒಂದೇ ಕಾರಣವಲ್ಲ. ಎರಡೂ ತೋಳಿನಲ್ಲಿ, ಒಂದು ಕಾಲಿನಲ್ಲಿ ಬಿಪಿ ನೋಡಿಸಿ. ಒಂದು ತೋಳಿನ ನಾಡಿ ಸಿಗದಿದ್ದರೆ, ಎರಡು ತೋಳಿನ ನಡುವೆ ಬಹಳ ಅಂತರವಿದ್ದರೆ, ಟಾಕಾಯಾಸು ಎಂಬ ರಕ್ತನಾಳದ ಉರಿಯೂತವಿರಬಹುದು. ನಮ್ಮ ದೇಶದ ಯುವತಿಯರಲ್ಲಿ ಮೂತ್ರಪಿಂಡದ ರಕ್ತನಾಳ ಕಿರಿದಾಗಿ ಬಿಪಿ ಏರಲು ಇದು ದೊಡ್ಡ ಕಾರಣ. ಕಾಲಿನ ಬಿಪಿ ತೋಳಿಗಿಂತ ಕಡಿಮೆಯಿದ್ದರೆ ಮಹಾಪಧಮನಿ ಹುಟ್ಟಿನಿಂದಲೇ ಕಿರಿದಾಗಿರಬಹುದು. ಮೈಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆಗಳು ಆರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯೂರೋಫೈಬ್ರೋಮಟೋಸಿಸ್ ಎಂಬ ಇನ್ನೊಂದು ಆನುವಂಶಿಕ ಕಾಯಿಲೆಯನ್ನು ನೆನೆಯಬೇಕು. ಅದರಲ್ಲಿ ಮೂತ್ರಪಿಂಡದ ರಕ್ತನಾಳವೂ ಕಿರಿದಾಗಬಹುದು, ಫಿಯೋ ಕೂಡ ಬರಬಹುದು. ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕದೆ ಬಿಡುವಂತಿಲ್ಲ. ರಕ್ತದಲ್ಲಿ ಪೊಟ್ಯಾಶಿಯಂ ಕಡಿಮೆಯಿದ್ದರೆ ಅಡ್ರಿನಲ್‌ನ ಹೊರಭಾಗದಿಂದ ಆಲ್ಡೋಸ್ಟಿರೋನ್ ಹೆಚ್ಚಾಗಿ ಬರುತ್ತಿರಬಹುದು. ಅದು ಫಿಯೋಗಿಂತ ಎಷ್ಟೋ ಪಾಲು ಸಾಮಾನ್ಯ, ಅದರ ದಾರಿಯೇ ಬೇರೆ.

ಹೆಜ್ಜೆ 3: ಕಣ್ಣು ತೋರಿಸಿ, ಮನೆತನದ ಚರಿತ್ರೆ ಕೆದಕಿ

ಕನ್ನಡಕದ ನಂಬರ್ ನೋಡುವ ಪರೀಕ್ಷೆ ಸಾಲದು. ಡ್ರಾಪ್ಸ್ ಹಾಕಿ ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನು ಅಂಚಿನವರೆಗೂ ನೋಡಬೇಕು, ಏಕೆಂದರೆ ಸಣ್ಣ ಗಂಟುಗಳು ಅಡಗಿರುವುದು ಅಲ್ಲೇ. ಆ ದಿನ ಸ್ಕೂಟರ್ ಓಡಿಸಿಕೊಂಡು ಬರುವ ಯೋಚನೆ ಬೇಡ, ಜೊತೆಗೆ ಯಾರನ್ನಾದರೂ ಕರೆದೊಯ್ಯಿರಿ. ಸಣ್ಣದಿದ್ದಾಗ ಸಿಕ್ಕ ಗಂಟನ್ನು ಲೇಸರ್‌ನಲ್ಲಿ ಸುಟ್ಟು ದೃಷ್ಟಿ ಉಳಿಸಬಹುದು. ಬೆಳೆದು ಸೋರತೊಡಗಿದ ಮೇಲೆ ಅಕ್ಷಿಪಟಲವೇ ಕಳಚಿಕೊಳ್ಳಬಹುದು.

ಮನೆತನದ ಚರಿತ್ರೆಗೆ ಮನೆಯ ಹಿರಿಯರ ಪಕ್ಕ ಕೂತು ಮೂರು ತಲೆಮಾರಿನ ನಕ್ಷೆ ಬರೆಯಿರಿ. ತಾಯಿಯ ಕಡೆ, ತಂದೆಯ ಕಡೆ ಎರಡೂ ಬೇಕು. "ವಿಎಚ್‌ಎಲ್ ಇತ್ತಾ" ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಹೀಗೆ ಕೇಳಿ: ಒಂದು ಕಣ್ಣು ಹೋದವರು ಯಾರಾದರೂ ಇದ್ದರಾ? ತಲೆಯಲ್ಲಿ ಗಡ್ಡೆ ಅಂತ ಆಪರೇಷನ್ ಆದವರು? ಕಿಡ್ನಿ ತೆಗೆಸಿದವರು? ಚಿಕ್ಕ ಪ್ರಾಯದಲ್ಲೇ ಲಕ್ವ ಹೊಡೆದವರು? ಹೆರಿಗೆಯಲ್ಲಿ ತೀರಿಕೊಂಡವರು? "ಅಪೆಂಡಿಕ್ಸ್ ಆಪರೇಷನ್‌ಗೆ ಹೋದವನು ಅರಿವಳಿಕೆ ತಡೆಯಲಾರದೆ ಟೇಬಲ್ ಮೇಲೇ ಹೋದ" ಎಂಬಂಥ ಕಥೆ ಇದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ದೇವರ ಶಾಪ, ಮಾಟ ಎಂದು ಮನೆಯವರು ಮುಚ್ಚಿಟ್ಟ ಸಾವುಗಳ ಹಿಂದೆ ಇಂಥ ಗಡ್ಡೆ ಇದ್ದಿರಬಹುದು.

ಹೆಜ್ಜೆ 4: ಸ್ಕ್ಯಾನ್‌ಗಿಂತ ಮೊದಲು ಮೆಟಾನೆಫ್ರಿನ್

ಕೇಳಬೇಕಾದ ಪರೀಕ್ಷೆ ಎರಡರಲ್ಲೊಂದು: ರಕ್ತದಲ್ಲಿ ಪ್ಲಾಸ್ಮಾ ಫ್ರೀ ಮೆಟಾನೆಫ್ರಿನ್, ಅಥವಾ 24 ಗಂಟೆಯ ಮೂತ್ರದಲ್ಲಿ ಫ್ರ್ಯಾಕ್ಷನೇಟೆಡ್ ಮೆಟಾನೆಫ್ರಿನ್. ಹಾರ್ಮೋನ್ ಬಿಟ್ಟು ಬಿಟ್ಟು ಸುರಿದರೂ ಗಡ್ಡೆಯೊಳಗೆ ಅದು ಮುರಿದು ಮೆಟಾನೆಫ್ರಿನ್ ಆಗುತ್ತಲೇ ಇರುತ್ತದೆ. ಹಾಗಾಗಿ ಅಟ್ಯಾಕ್ ಬರುವವರೆಗೆ ಕಾಯಬೇಕಿಲ್ಲ. ವಿಎಂಎ ಎಂಬ ಹಳೆಯ ಪರೀಕ್ಷೆಯನ್ನು ಇನ್ನೂ ಕೆಲವೆಡೆ ಬರೆಯುತ್ತಾರೆ; ಅದು ಎಷ್ಟೋ ಗಡ್ಡೆಗಳನ್ನು ತಪ್ಪಿಸಿಬಿಡುತ್ತದೆ. ವಿಎಚ್‌ಎಲ್‌ನಲ್ಲಿ ಏರುವುದು ಮುಖ್ಯವಾಗಿ ನಾರ್‌ಮೆಟಾನೆಫ್ರಿನ್.

ರಕ್ತದ ಪರೀಕ್ಷೆಗೆ ಖಾಲಿ ಹೊಟ್ಟೆ, ಕಾಫಿ-ಟೀ ಇಲ್ಲ, ಬೀಡಿ-ಸಿಗರೇಟ್ ಇಲ್ಲ. 20ರಿಂದ 30 ನಿಮಿಷ ಅಂಗಾತ ಮಲಗಿದ ಮೇಲೆ ರಕ್ತ ತೆಗೆಯಬೇಕು, ತೆಗೆದದ್ದನ್ನು ಐಸ್‌ನಲ್ಲಿಡಬೇಕು. ವಾಸ್ತವವಾಗಿ ಆಗುವುದೇನೆಂದರೆ, ಮನೆಗೆ ಬಂದ ಲ್ಯಾಬ್ ಹುಡುಗ ಕುರ್ಚಿಯಲ್ಲಿ ಕೂರಿಸಿ ಎರಡು ನಿಮಿಷದಲ್ಲಿ ರಕ್ತ ಎಳೆದು ಹೊರಡುತ್ತಾನೆ. ಕೂತು ಕೊಟ್ಟ ರಕ್ತದಲ್ಲಿ ಫಲಿತಾಂಶ ಸಾಮಾನ್ಯ ಎಂದು ಬಂದರೆ ಒಪ್ಪಬಹುದು. ಏರಿದೆ ಎಂದು ಬಂದರೆ ಮಲಗಿ ಕೊಟ್ಟು ಮತ್ತೆ ನೋಡುವವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಮೂತ್ರದ ಪರೀಕ್ಷೆ ಸುಲಭ ಅನ್ನಿಸಿದರೂ ಹೆಚ್ಚು ಕೆಡುವುದು ಅದೇ. ಲ್ಯಾಬಿನವರು ದೊಡ್ಡ ಕ್ಯಾನ್ ಕೊಡುತ್ತಾರೆ. ಅದರ ತಳದಲ್ಲಿ ಸಾಮಾನ್ಯವಾಗಿ ಆಸಿಡ್ ಇರುತ್ತದೆ. ಅದನ್ನು ನೀರೆಂದು ತೊಳೆದು ಚೆಲ್ಲಬೇಡಿ, ನೇರವಾಗಿ ಅದರೊಳಗೆ ಮೂತ್ರ ಮಾಡಬೇಡಿ, ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ಬೇರೆ ಮಗ್ಗಿನಲ್ಲಿ ಹಿಡಿದು ನಿಧಾನಕ್ಕೆ ಸುರಿಯಿರಿ. ಬೆಳಗ್ಗೆ 6ಕ್ಕೆ ಶುರುಮಾಡುತ್ತೀರಿ ಎಂದಿಟ್ಟುಕೊಳ್ಳಿ. ಆ 6 ಗಂಟೆಯ ಮೂತ್ರ ಕ್ಯಾನಿಗೆ ಬೇಡ, ಬಚ್ಚಲಿಗೆ ಬಿಡಿ. ಅಲ್ಲಿಂದ ಮರುದಿನ ಬೆಳಗ್ಗೆ 6ರವರೆಗಿನ ಪ್ರತಿ ಹನಿಯೂ, ಆ ಕೊನೆಯ 6 ಗಂಟೆಯದೂ ಸೇರಿ, ಕ್ಯಾನಿಗೆ. ಮಧ್ಯರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಮರೆಯುವುದು ಮಾಮೂಲಿ, ಬಚ್ಚಲ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಬಸ್ಸಿನಲ್ಲಿ ಓಡಾಡುವ ದಿನ, ಮದುವೆಗೆ ಹೋಗುವ ದಿನ, ಮುಟ್ಟಿನ ದಿನ ಆರಿಸಿಕೊಳ್ಳಬೇಡಿ. ಭಾನುವಾರ ಶುರುಮಾಡಿ ಸೋಮವಾರ ಬೆಳಗ್ಗೆ ಒಪ್ಪಿಸುವುದು ಸಲೀಸು. ಒಂದು ಸಲ ತಪ್ಪಿದರೂ ಲ್ಯಾಬಿಗೆ ಹೇಳಿ ಹೊಸದಾಗಿ ಶುರುಮಾಡಿ.

ನುಂಗುತ್ತಿರುವ ಮಾತ್ರೆಗಳೆಲ್ಲವನ್ನೂ ಪರೀಕ್ಷೆಗೆ ಮೊದಲೇ ವೈದ್ಯರಿಗೆ ತೋರಿಸಿ. ತಲೆನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್, ಡುಲೋಕ್ಸೆಟಿನ್, ನೆಗಡಿ ಮಾತ್ರೆಗಳಲ್ಲಿನ ಸ್ಯೂಡೋಎಫೆಡ್ರಿನ್ ಇವೆಲ್ಲ ಅಂಕಿಯನ್ನು ಸುಳ್ಳಾಗಿ ಏರಿಸುತ್ತವೆ. ಕೆಲವು ವಿಧಾನದ ಪರೀಕ್ಷೆಯಲ್ಲಿ ಪ್ಯಾರಾಸಿಟಮಾಲ್ ಕೂಡ ಅಡ್ಡ ಬರುತ್ತದೆ. ನಿಮ್ಮಷ್ಟಕ್ಕೆ ಯಾವುದನ್ನೂ ನಿಲ್ಲಿಸಬೇಡಿ, ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕೆಂದು ಅವರೇ ಹೇಳಲಿ. ಸ್ವಲ್ಪ ಏರಿದ್ದರೆ ಮರುಪರೀಕ್ಷೆ. ಮೇಲ್ಮಿತಿಗಿಂತ ಮೂರು ನಾಲ್ಕು ಪಟ್ಟು ಏರಿದ್ದರೆ ಗಡ್ಡೆ ಇರುವುದು ಬಹುತೇಕ ಖಚಿತ.

ಹೆಜ್ಜೆ 5: ಈಗ ಸ್ಕ್ಯಾನ್. ಸೂಜಿ ಮಾತ್ರ ಚುಚ್ಚಿಸಬೇಡಿ

ಯಾವ ತೊಂದರೆಯನ್ನೂ ಕೊಡದ ಸಣ್ಣ ಅಡ್ರಿನಲ್ ಗಡ್ಡೆಗಳು ವಯಸ್ಸಾದವರಲ್ಲಿ ಬೇಕಾದಷ್ಟು ಸಿಗುತ್ತವೆ. ಮೊದಲೇ ಸ್ಕ್ಯಾನ್ ಮಾಡಿಸಿದರೆ ಇಲ್ಲದ ಚಿಂತೆ ಮೈಮೇಲೆ ಎಳೆದುಕೊಂಡಂತೆ. ಮೆಟಾನೆಫ್ರಿನ್ ಏರಿದೆ ಎಂದಾದ ಮೇಲೆ ಹೊಟ್ಟೆಯ ಸಿಟಿ ಅಥವಾ ಎಂಆರ್‌ಐ. ವಿಎಚ್‌ಎಲ್ ಇರುವವರಿಗೆ ಜೀವನಪೂರ್ತಿ ಸ್ಕ್ಯಾನ್ ತಪ್ಪಿದ್ದಲ್ಲ, ಆದ್ದರಿಂದ ವಿಕಿರಣವಿಲ್ಲದ ಎಂಆರ್‌ಐ ಮೇಲು. ಮಕ್ಕಳಿಗೆ, ಗರ್ಭಿಣಿಯರಿಗೂ ಅದೇ. ಗಡ್ಡೆ ಬೇರೆಡೆ ಹರಡಿದೆಯೇ ಎಂಬ ಅನುಮಾನವಿದ್ದರೆ ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್ ಹೇಳಬಹುದು.

ಕಿಡ್ನಿ ಕಲ್ಲಿಗೆಂದು ಮಾಡಿಸಿದ ಸ್ಕ್ಯಾನ್‌ನಲ್ಲಿ ಅಡ್ರಿನಲ್ ಗಡ್ಡೆ ಆಕಸ್ಮಿಕವಾಗಿ ಸಿಗುವುದೂ ಇದೆ. ಆಗ "ಏನೆಂದು ನೋಡಲು ಬಯಾಪ್ಸಿ ಮಾಡೋಣ" ಎಂದು ಯಾರಾದರೂ ಹೇಳಿದರೆ, "ಮೆಟಾನೆಫ್ರಿನ್ ನೋಡಿದ್ದೀರಾ ಸಾರ್?" ಎಂದು ಕೇಳಲು ಸಂಕೋಚ ಬೇಡ. ಫಿಯೋಗೆ ಸೂಜಿ ಚುಚ್ಚಿದರೆ ಅಲ್ಲಿದ್ದ ಹಾರ್ಮೋನ್ ಒಮ್ಮೆಲೇ ರಕ್ತಕ್ಕೆ ನುಗ್ಗಿ ಬಿಪಿ ಜೀವಕ್ಕೇ ಅಪಾಯವಾಗುವಷ್ಟು ಏರಬಹುದು.

ಹೆಜ್ಜೆ 6: ಮಾತ್ರೆಯ ಕ್ರಮ, ಎಲ್ಲಕ್ಕಿಂತ ಮುಖ್ಯವಾದದ್ದು

ಎದೆ ಡವಗುಟ್ಟುತ್ತದೆ ಎಂದರೆ ನಮ್ಮ ಕ್ಲಿನಿಕ್‌ಗಳಲ್ಲಿ ಕೈ ಹೋಗುವುದು ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್‌ಗೆ. ಅರೆತಲೆನೋವಿಗೂ ಅದೇ, ಗಾಬರಿಗೂ ಅದೇ. ಫಿಯೋದಲ್ಲಿ ಇದನ್ನು ಮೊದಲು ಕೊಡಕೂಡದು. ಗಡ್ಡೆಯ ಹಾರ್ಮೋನ್ ಬಂದು ಕೂರುವ ಜಾಗಗಳಿಗೆ ಗ್ರಾಹಿ ಎನ್ನುತ್ತಾರೆ. ರಕ್ತನಾಳವನ್ನು ಬಿಗಿಸುವುದು ಆಲ್ಫಾ ಗ್ರಾಹಿ, ಸಡಿಲಿಸುವುದು ಬೀಟಾ ಗ್ರಾಹಿ. ಸಡಿಲಿಸುವುದನ್ನು ಮೊದಲು ತಡೆದರೆ ಬಿಗಿಸುವುದಕ್ಕೆ ಎದುರಾಳಿಯೇ ಇಲ್ಲವಾಗಿ ಬಿಪಿ ನೆತ್ತಿಗೇರುತ್ತದೆ. ಎದೆಬಡಿತಕ್ಕೆಂದು ಕೊಟ್ಟ ಮಾತ್ರೆಯಿಂದಲೇ ಅಟ್ಯಾಕ್ ಜೋರಾಯಿತು ಎಂದರೆ ಅದನ್ನೇ ರೋಗದ ಸುಳಿವೆಂದು ತಿಳಿದು ವೈದ್ಯರಿಗೆ ಹೇಳಿ. ವಾಂತಿಗೆ ಹಾಕುವ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್, ಸ್ಟಿರಾಯ್ಡ್ ಇಂಜೆಕ್ಷನ್, ಮೂಗು ಕಟ್ಟಿದ್ದಕ್ಕೆ ಕೊಡುವ ಮಾತ್ರೆ-ಡ್ರಾಪ್ಸ್ ಇವೂ ಅಟ್ಯಾಕ್ ಕೆರಳಿಸಬಲ್ಲವು.

ಸರಿಯಾದ ಕ್ರಮ ಹೀಗಿದೆ. ಮೊದಲು ಆಲ್ಫಾ ಬ್ಲಾಕರ್: ಪ್ರಜೋಸಿನ್, ಡಾಕ್ಸಜೋಸಿನ್ ಅಥವಾ ಫಿನಾಕ್ಸಿಬೆಂಜಮಿನ್. ಕಡಿಮೆ ಡೋಸ್‌ನಿಂದ ಶುರುಮಾಡಿ ಏರಿಸುತ್ತಾ ಹೋಗುತ್ತಾರೆ. ಆಪರೇಷನ್‌ಗೆ ಮುಂಚೆ ಕನಿಷ್ಠ 7ರಿಂದ 14 ದಿನ ಇದು ಬೇಕು. ಮೊದಲ ಮಾತ್ರೆ ರಾತ್ರಿ ಹಾಸಿಗೆಯಲ್ಲಿ ಕೂತು ನುಂಗಿ ಮಲಗಿಬಿಡಿ, ಏಕೆಂದರೆ ನಿಂತಲ್ಲೇ ತಲೆ ಸುತ್ತಿ ಬೀಳುವುದುಂಟು. ಬೆಳಗ್ಗೆ ಏಳುವಾಗ ಹಾಸಿಗೆಯಂಚಿನಲ್ಲಿ ಸ್ವಲ್ಪ ಕೂತು ಆಮೇಲೆ ಏಳಿ. ಮೂಗು ಕಟ್ಟುತ್ತದೆ, ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ, ಡ್ರಾಪ್ಸ್ ಹಾಕಬೇಡಿ.

ಎರಡನೆಯದು ಉಪ್ಪು ಮತ್ತು ನೀರು. ಮನೆಯಲ್ಲಿ ಅಜ್ಜಿ ಕಣ್ಣು ಬಿಡುವುದು ಇಲ್ಲೇ: "ಬಿಪಿ ಇರೋನಿಗೆ ಉಪ್ಪು ಜಾಸ್ತಿ ಹಾಕು ಅಂತಾನಲ್ಲ, ಅದೆಂಥಾ ಡಾಕ್ಟ್ರು!" ಇಷ್ಟು ದಿನ ಬಿಗಿದುಕೊಂಡಿದ್ದ ರಕ್ತನಾಳಗಳಲ್ಲಿ ದ್ರವದ ಪ್ರಮಾಣ ಕುಗ್ಗಿರುತ್ತದೆ. ಆಲ್ಫಾ ಬ್ಲಾಕರ್ ಅವನ್ನು ಸಡಿಲಿಸಿದಾಗ ತುಂಬಲು ದ್ರವ ಬೇಕು, ಇಲ್ಲದಿದ್ದರೆ ಗಡ್ಡೆ ತೆಗೆದ ಕೂಡಲೇ ಬಿಪಿ ಪಾತಾಳಕ್ಕಿಳಿಯುತ್ತದೆ. ಸಾರು, ಮಜ್ಜಿಗೆ, ಗಂಜಿಗೆ ಉಪ್ಪು ಧಾರಾಳವಾಗಿರಲಿ. ಹೃದಯ ಅಥವಾ ಕಿಡ್ನಿ ಸೋತವರಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಅವರಿಗೆ ವೈದ್ಯರು ಅಳತೆ ಹೇಳುತ್ತಾರೆ.

ಆಲ್ಫಾ ಶುರುವಾಗಿ ಮೂರು ನಾಲ್ಕು ದಿನ ಕಳೆದ ಮೇಲೂ ನಾಡಿ ಓಡುತ್ತಿದ್ದರೆ ಆಗ ಬೀಟಾ ಬ್ಲಾಕರ್. ಕೂತಾಗ ಬಿಪಿ 130/80ರ ಆಸುಪಾಸು, ನಿಂತಾಗ ಮೇಲಿನ ಅಂಕಿ 90ಕ್ಕಿಂತ ಕೆಳಗಿಳಿಯದಂತೆ ಇರಬೇಕು. ಇದು ಮನೆಯ ಪುಸ್ತಕದಲ್ಲಿ ಕಂಡರೆ ಆಪರೇಷನ್‌ಗೆ ದಾರಿ ತೆರೆಯಿತು.

ಹೆಜ್ಜೆ 7: ಆಪರೇಷನ್

ಬಹುತೇಕರಿಗೆ ಲ್ಯಾಪ್ರೋಸ್ಕೋಪಿಯಲ್ಲೇ ಆಗುತ್ತದೆ. ಸರ್ಜನ್ ಎಷ್ಟು ಮುಖ್ಯವೋ ಅರಿವಳಿಕೆ ವೈದ್ಯರೂ ಅಷ್ಟೇ ಮುಖ್ಯ. ಇಬ್ಬರಿಗೂ ಫಿಯೋ ಅನುಭವ ಇದೆಯೇ ಎಂದು ನೇರವಾಗಿ ಕೇಳಿ. ವಿಎಚ್‌ಎಲ್ ಇರುವವರು ಇನ್ನೊಂದು ಪ್ರಶ್ನೆ ಕೇಳಬೇಕು: "ಗ್ರಂಥಿಯ ಹೊರಭಾಗ ಉಳಿಸಲು ಆಗುತ್ತದೆಯೇ?" ಇವರಿಗೆ ಎರಡನೆಯ ಪಕ್ಕದಲ್ಲೂ ಗಡ್ಡೆ ಬರುವ ಸಾಧ್ಯತೆ ಇರುವುದರಿಂದ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯುವ ಪ್ರಯತ್ನ ಮಾಡುತ್ತಾರೆ. ಎರಡೂ ಗ್ರಂಥಿ ಪೂರ್ತಿ ಹೋದರೆ ಅವು ಮಾಡುತ್ತಿದ್ದ ಹಾರ್ಮೋನ್‌ಗಳ ಬದಲಿಗೆ ಜೀವನವಿಡೀ ಹೈಡ್ರೋಕಾರ್ಟಿಸೋನ್, ಫ್ಲುಡ್ರೋಕಾರ್ಟಿಸೋನ್ ಬೇಕು. ಜ್ವರ ಬಂದ ದಿನ ಹೈಡ್ರೋಕಾರ್ಟಿಸೋನ್ ಡೋಸ್ ಹೆಚ್ಚಿಸಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಬೇಕು, ಒಂದು ದಿನವೂ ಬಿಡುವಂತಿಲ್ಲ.

ಆಪರೇಷನ್ ಆದ ಮೊದಲ ಒಂದೆರಡು ದಿನ ಬಿಪಿ ಮತ್ತು ಸಕ್ಕರೆ ಎರಡೂ ಕುಸಿಯಬಹುದಾದ್ದರಿಂದ ಐಸಿಯು ನಿಗಾ ಬೇಕು. ಎರಡರಿಂದ ಆರು ವಾರದೊಳಗೆ ಮೆಟಾನೆಫ್ರಿನ್ ಮತ್ತೆ ನೋಡಬೇಕು.

ಹೆಜ್ಜೆ 8: ಮೆದುಳಲ್ಲೂ ಇದ್ದರೆ, ಬಸುರಿಯಾದರೆ

ಹಿಮ್ಮೆದುಳಿನ ಗಡ್ಡೆ ಬೆಳಗಿನ ತಲೆನೋವು, ವಾಂತಿ, ಓಲಾಡುವ ನಡಿಗೆಯೊಂದಿಗೆ ಬರುತ್ತದೆ. ಹಿಮೋಗ್ಲೋಬಿನ್ 18-19ಕ್ಕೆ ಏರಿರುವುದೂ ಇದೆ. ಆಗ ಎಲ್ಲರ ಗಮನ ತಲೆಯ ಮೇಲೆ. ಆದರೆ ಹಿಮಾಂಜಿಯೋಬ್ಲಾಸ್ಟೋಮಾ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ, ಕತ್ತಿ ಮುಟ್ಟುವ ಮೊದಲು ಮೆಟಾನೆಫ್ರಿನ್ ನೋಡಿಸಬೇಕು. ಗೊತ್ತಿಲ್ಲದ ಫಿಯೋ ಹೊಟ್ಟೆಯಲ್ಲಿಟ್ಟುಕೊಂಡು ಅರಿವಳಿಕೆಗೆ ಹೋಗುವುದೇ ಈ ಕಾಯಿಲೆಯ ಅತಿ ದೊಡ್ಡ ಅಪಾಯ. ಎರಡೂ ಇದ್ದು ಮೆದುಳಿಗೆ ಅವಸರವಿಲ್ಲದಿದ್ದರೆ ಸಾಮಾನ್ಯವಾಗಿ ಅಡ್ರಿನಲ್ ಮೊದಲು. ಹಲ್ಲು ಕೀಳಿಸುವುದರಿಂದ ಹಿಡಿದು ಹರ್ನಿಯಾದವರೆಗೆ ಯಾವ ಕೆಲಸಕ್ಕೂ ಇದೇ ನಿಯಮ: ಮೊದಲು ವೈದ್ಯರಿಗೆ ವಿಎಚ್‌ಎಲ್ ಎಂದು ಹೇಳಿ.

ಮಗು ಬೇಕೆನ್ನುವ ಹೆಣ್ಣುಮಕ್ಕಳು ಗರ್ಭ ಧರಿಸುವ ಮೊದಲೇ ಪರೀಕ್ಷೆ ಮಾಡಿಸಿಕೊಂಡರೆ ಅರ್ಧ ಗೆದ್ದಂತೆ. ಗರ್ಭಿಣಿಯ ಬಿಪಿ 20 ವಾರಕ್ಕೆ ಮೊದಲೇ ಏರಿದ್ದರೆ, ಬಂದು ಹೋಗುವಂತಿದ್ದರೆ, "ಬಸುರಿಯ ಬಿಪಿ" ಎಂದು ಸುಮ್ಮನಾಗುವ ಮೊದಲು ಮೆಟಾನೆಫ್ರಿನ್ ನೋಡಬೇಕು.

ಹೆಜ್ಜೆ 9: ಜೀನ್ ಪರೀಕ್ಷೆ, ಮತ್ತು ಮದುವೆ ಮಾತು

ಫಿಯೋ ಬಂದ ಹತ್ತು ಜನರಲ್ಲಿ ಮೂರು ನಾಲ್ಕು ಜನರಿಗೆ ಅದು ಹುಟ್ಟಿನಿಂದಲೇ ಜೀನ್‌ನಲ್ಲಿ ಬಂದಿರುತ್ತದೆ: ವಿಎಚ್‌ಎಲ್, ರೆಟ್, ಎಸ್‌ಡಿಎಚ್‌ಬಿ, ಎನ್‌ಎಫ್1 ಇತ್ಯಾದಿ. 1886ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ 18 ವರ್ಷದ ಯುವತಿಯೊಬ್ಬಳ ಎರಡೂ ಅಡ್ರಿನಲ್‌ನಲ್ಲಿ ಗಡ್ಡೆ ಸಿಕ್ಕದ್ದು ವೈದ್ಯ ಸಾಹಿತ್ಯದ ಮೊದಲ ಫಿಯೋ ಎಂದು ಪ್ರಸಿದ್ಧ. 120 ವರ್ಷದ ಆಮೇಲೆ ಅವಳ ಮನೆತನದವರನ್ನು ಹುಡುಕಿ ಪರೀಕ್ಷಿಸಿದಾಗ ರೆಟ್ ಜೀನ್‌ನ ದೋಷ ಸಿಕ್ಕಿತು. ಅಷ್ಟು ತಲೆಮಾರು ಅದು ಇಳಿಯುತ್ತಲೇ ಬಂದಿತ್ತು.

ನಮ್ಮ ಕಡೆ ಇಂಥದ್ದಕ್ಕೆಲ್ಲ ಸೋದರಮಾವನಿಗೆ ಕೊಟ್ಟಿದ್ದೇ ಕಾರಣ ಎನ್ನುವ ರೂಢಿಯಿದೆ. ರಕ್ತಸಂಬಂಧದ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಬೇರೆ ಇವೆ. ವಿಎಚ್‌ಎಲ್ ಆ ಗುಂಪಿನದಲ್ಲ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಬಂದರೆ ಸಾಕು. ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಐವರಲ್ಲಿ ಒಬ್ಬರಿಗೆ ತಂದೆತಾಯಿಯಲ್ಲಿ ಇಲ್ಲದಿದ್ದರೂ ಹೊಸದಾಗಿ ಬಂದಿರುತ್ತದೆ. ಸೊಸೆಯ ಮೇಲೆ, ಅತ್ತೆಯ ಮನೆತನದ ಮೇಲೆ ತಪ್ಪು ಹೊರಿಸುವ ಮಾತೇ ಇಲ್ಲ. ಕುಟುಂಬದ ದೋಷ ಯಾವುದೆಂದು ಒಬ್ಬರಲ್ಲಿ ಗೊತ್ತಾದರೆ ಉಳಿದವರಿಗೆ ಅದೊಂದನ್ನೇ ನೋಡಿದರೆ ಸಾಕು, ಖರ್ಚೂ ಕಡಿಮೆ. ಬಂದಿಲ್ಲ ಎಂದಾದವರಿಗೆ ವರ್ಷ ವರ್ಷದ ಪರೀಕ್ಷೆಯ ಗೋಜೇ ಇಲ್ಲ, ಅವರ ಮಕ್ಕಳಿಗೂ ಇಲ್ಲ. ಸಂಬಂಧ ತಪ್ಪೀತು ಎಂದು ಮುಚ್ಚಿಡುವವರಿದ್ದಾರೆ, ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟ ಮನೆಯ ಹುಡುಗಿ ಹೆರಿಗೆ ಕೋಣೆಗೆ ಹೋದಾಗ ಅಲ್ಲಿನ ವೈದ್ಯರಿಗೂ ಅದು ಗೊತ್ತಿರುವುದಿಲ್ಲ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಪರೀಕ್ಷೆಗೆ ಮೊದಲೂ ಆಮೇಲೂ ಕೂತು ಮಾತಾಡುವ ಜೆನೆಟಿಕ್ ಕೌನ್ಸೆಲಿಂಗ್ ಸಿಗುತ್ತದೆ.

ಹೆಜ್ಜೆ 10: ವರ್ಷದ ಪಂಚಾಂಗ

ಜೀನ್ ಇದೆ ಎಂದಾದ ಮಗುವಿಗೆ ಕಣ್ಣಿನ ಪರೀಕ್ಷೆ ಒಂದು ವರ್ಷ ತುಂಬುವ ಮೊದಲೇ ಶುರು, ಆಮೇಲೆ ಪ್ರತಿ ವರ್ಷ. ಬಿಪಿ ಎರಡನೇ ವಯಸ್ಸಿನಿಂದ, ಮೆಟಾನೆಫ್ರಿನ್ ಐದರಿಂದ ಪ್ರತಿ ವರ್ಷ. ಮೆದುಳು-ಬೆನ್ನುಹುರಿಯ ಎಂಆರ್‌ಐ ಮತ್ತು ಶ್ರವಣ ಪರೀಕ್ಷೆ 11ರಿಂದ, ಹೊಟ್ಟೆಯ ಎಂಆರ್‌ಐ 15ರಿಂದ. ಇವು ಎರಡು ವರ್ಷಕ್ಕೊಮ್ಮೆ. ಕಿವಿ ಯಾಕೆಂದರೆ ಒಳಗಿವಿಯ ಬಳಿಯೂ ಇವರಿಗೆ ಗಡ್ಡೆ ಬರುತ್ತದೆ. ಮೂತ್ರಪಿಂಡದ ಗಡ್ಡೆಯನ್ನು ಸಾಮಾನ್ಯವಾಗಿ 3 ಸೆಂಟಿಮೀಟರ್ ಆಗುವವರೆಗೆ ಕಾದು ನೋಡುತ್ತಾರೆ, ಕಿಡ್ನಿ ಉಳಿಸುವುದಕ್ಕಾಗಿ.

ಹಿಫ್ ಅನ್ನೇ ತಡೆಯುವ ಬೆಲ್ಜುಟಿಫಾನ್ ಎಂಬ ಮಾತ್ರೆಗೆ ಅಮೆರಿಕದ ಎಫ್‌ಡಿಎ 2021ರಲ್ಲಿ ವಿಎಚ್‌ಎಲ್‌ನ ಕಿಡ್ನಿ ಕ್ಯಾನ್ಸರ್, ಮೆದುಳು-ಬೆನ್ನುಹುರಿಯ ಗಂಟು, ಮೇದೋಜೀರಕದ ಒಂದು ಬಗೆಯ ಗಡ್ಡೆಗಳಿಗೂ, 2025ರಲ್ಲಿ ಆಪರೇಷನ್ ಸಾಧ್ಯವಾಗದ ಫಿಯೋಗೂ ಒಪ್ಪಿಗೆ ಕೊಟ್ಟಿದೆ. ರಕ್ತಹೀನತೆ ತರುತ್ತದೆ, ಗರ್ಭಕ್ಕೆ ಹಾನಿ ಮಾಡುತ್ತದೆ, ಬೆಲೆ ವಿಪರೀತ. ಆಪರೇಷನ್ ಆಗಬಲ್ಲ ಗಡ್ಡೆಗೆ ಇದನ್ನು ಕಾಯುತ್ತ ಕೂರಬೇಡಿ.

ಎಲ್ಲಿಗೆ, ಯಾವ ಕಾಗದದೊಂದಿಗೆ

ತಂಡವನ್ನು ನಡೆಸಬೇಕಾದವರು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರು. ಮೊದಲು ಅವರನ್ನು ಹಿಡಿಯಿರಿ. ಬೆಂಗಳೂರಿನಲ್ಲಿ ಮೆದುಳಿಗೆ ನಿಮ್ಹಾನ್ಸ್, ಕಣ್ಣಿಗೆ ಮಿಂಟೋ, ಕಿಡ್ನಿಗೆ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ಸರ್ಕಾರಿ ವಲಯದಲ್ಲಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷ ಮೀರದಂತೆ, ನೆರವು ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಿದ್ದರೆ ತುರ್ತು ಹೊರತುಪಡಿಸಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಬೇಕು.

ಸ್ಕ್ಯಾನ್‌ಗಳ ಫಿಲ್ಮ್ ಜೊತೆಗೆ ಸಿಡಿಯನ್ನೂ ಕೇಳಿ ಪಡೆಯಿರಿ, ವರ್ಷದ ಪ್ರಕಾರ ಒಂದೇ ಫೈಲಿನಲ್ಲಿಡಿ. ಇನ್ನೊಂದು ಚಿಕ್ಕ ಚೀಟಿ ಪರ್ಸಿನಲ್ಲಿ, ಅದರ ಫೋಟೋ ಮೊಬೈಲ್‌ನಲ್ಲಿ, ಒಂದು ಪ್ರತಿ ಮನೆಯವರ ಕೈಯಲ್ಲಿ ಇರಲಿ:

"ನನಗೆ ವಿಎಚ್‌ಎಲ್ ಕಾಯಿಲೆ ಇದೆ. ಫಿಯೋಕ್ರೋಮೋಸೈಟೋಮಾ ಇರಬಹುದು. ಕೊನೆಯ ಮೆಟಾನೆಫ್ರಿನ್ ಪರೀಕ್ಷೆ: (ದಿನಾಂಕ, ಫಲಿತಾಂಶ). ಆಲ್ಫಾ ಬ್ಲಾಕರ್ ಇಲ್ಲದೆ ಬೀಟಾ ಬ್ಲಾಕರ್ ಕೊಡಬೇಡಿ. ಮೆಟೊಕ್ಲೋಪ್ರಮೈಡ್ ಬೇಡ. ಅರಿವಳಿಕೆಗೆ ಮೊದಲು ನನ್ನ ವೈದ್ಯರಿಗೆ ಫೋನ್ ಮಾಡಿ: (ಹೆಸರು, ನಂಬರ್)."

ಇದನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆಸಿ ಲ್ಯಾಮಿನೇಟ್ ಮಾಡಿಸಿ. ಪ್ರತಿ ವರ್ಷ ಮೆಟಾನೆಫ್ರಿನ್ ಫಲಿತಾಂಶ ಕೈಗೆ ಬಂದ ದಿನವೇ ಹೊಸ ದಿನಾಂಕ ಹಾಕಿಸಿ ಬದಲಿಸಿ.